ರಷ್ಯಾದ ಸಮರನೌಕೆಗಳ ಹುಟ್ಟು, ಅಳಿವು: ಎಲ್ಲಕ್ಕೂ ‘ಮುಳುಗಿತು’ ಎಂದರೆ ಸಾಕೇ?

ಮಾನ್ಯರೇ,

ತ್ಸಾರ್ ಆಳ್ವಿಕೆಯ ಕೊನೆಯ ದಶಕಗಳಲ್ಲಿ ರಷ್ಯಾ ಕಟ್ಟಿಸಿದ ಸಮರನೌಕೆಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಆ ಕೆಲಸದಲ್ಲಿ ಎದುರಾದ ಕೆಲವು ಪದಗಳ ಅರ್ಥ ಮತ್ತು ಬಳಕೆಯ ಕುರಿತು ಬಲ್ಲವರ ಅಭಿಪ್ರಾಯ ಕೇಳಲು ಈ ಪತ್ರ. ನನ್ನ ಮುಖ್ಯ ಪ್ರಶ್ನೆ ಹಡಗಿನ ಅಂತ್ಯವನ್ನು ಹೇಳುವ ಕ್ರಿಯಾಪದಗಳದ್ದು. ಶತ್ರುವಿನ ಗುಂಡಿಗೆ ತುತ್ತಾದ ಹಡಗು, ನಾವಿಕರೇ ಬೇಕೆಂದು ತಳ ಸೇರಿಸಿದ ಹಡಗು, ಬಂದರಿನಲ್ಲಿ ತಾನಾಗಿ ನೆಲ ಹತ್ತಿದ ಹಡಗು, ಒಳಗಿನ ಸ್ಫೋಟದಿಂದ ಬುಡಮೇಲಾದ ಹಡಗು, ಇವೆಲ್ಲಕ್ಕೂ ನಮ್ಮ ಬರವಣಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ‘ಮುಳುಗಿತು’ ಎಂಬ ಒಂದೇ ಮಾತು. ರಷ್ಯಾದ ನೌಕಾ ಇತಿಹಾಸದಲ್ಲಿ ಈ ವ್ಯತ್ಯಾಸವೇ ಕಥೆಯ ತಿರುಳು, ಏಕೆಂದರೆ ಆ ದೇಶದ ಹೆಸರಾಂತ ಹಡಗುಗಳಲ್ಲಿ ಹಲವು ತಮ್ಮವರ ಕೈಯಿಂದಲೇ ತಳ ಸೇರಿದವು. ಯಾರು ಮುಳುಗಿಸಿದರು, ಏಕೆ ಮುಳುಗಿಸಿದರು ಎಂಬುದನ್ನು ಕ್ರಿಯಾಪದ ನುಂಗಿಬಿಟ್ಟರೆ ಓದುಗನಿಗೆ ದಕ್ಕುವುದು ತಾರೀಖುಗಳ ಪಟ್ಟಿ ಮಾತ್ರ. ಹೊಸ ಸಂಸ್ಕೃತ ಪದಗಳನ್ನು ಟಂಕಿಸುವ ಅಗತ್ಯ ಇಲ್ಲಿ ಅಷ್ಟಾಗಿ ಇಲ್ಲ, ನಮ್ಮ ದಿನಬಳಕೆಯ ಕ್ರಿಯಾಪದಗಳೇ ಇದಕ್ಕೆ ಸಾಕಷ್ಟು ಸಮರ್ಥವಾಗಿವೆ ಎಂಬುದು ನನ್ನ ವಾದ. ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೀವು ಪರಿಶೀಲಿಸಬೇಕು.

ಅಂತ್ಯಕ್ಕೆ ಹೋಗುವ ಮೊದಲು ಹಡಗಿನ ವರ್ಗಗಳ ಹೆಸರನ್ನು ನೋಡಬೇಕಾಗುತ್ತದೆ. ಕನ್ನಡದಲ್ಲಿ ‘ಯುದ್ಧನೌಕೆ’, ‘ಸಮರನೌಕೆ’ ಎಂದರೆ ಸಣ್ಣ ಫಿರಂಗಿ ದೋಣಿಯಿಂದ ಹಿಡಿದು ಇಪ್ಪತ್ತು ಸಾವಿರ ಟನ್ನಿನ ದೈತ್ಯನವರೆಗೆ ನೌಕಾಪಡೆಯ ಯಾವ ಹಡಗಾದರೂ ಆಗಬಹುದು. ಇಂಗ್ಲಿಷಿನ ‘ಬ್ಯಾಟಲ್‌ಶಿಪ್’ ಎಂಬುದಕ್ಕೂ ನಾವು ಅದನ್ನೇ ಬಳಸುತ್ತೇವೆ. ಹೀಗಾಗಿ ‘ಯುದ್ಧನೌಕೆ ಪೊತ್ಯೋಮ್ಕಿನ್’ ಮತ್ತು ‘ಯುದ್ಧನೌಕೆ ಅವ್ರೋರಾ’ ಎಂದು ಅಕ್ಕಪಕ್ಕದಲ್ಲಿ ಬರೆದಾಗ ಎರಡೂ ಒಂದೇ ಜಾತಿಯವೆಂಬ ಭಾವನೆ ಬರುತ್ತದೆ. 1905ರಲ್ಲಿ ನಾವಿಕರ ದಂಗೆಯಾದ ‘ಪೊತ್ಯೋಮ್ಕಿನ್’ ದಪ್ಪ ಉಕ್ಕಿನ ಪಟ್ಟಿ ತೊಟ್ಟ, 305 ಮಿಲಿಮೀಟರ್ ತೋಪುಗಳಿದ್ದ ಹಡಗು. ಇಂದಿಗೂ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಅವ್ರೋರಾ’ ಅದಕ್ಕಿಂತ ಎಷ್ಟೋ ಹಗುರವಾದ ಕ್ರೂಸರ್. ರಷ್ಯನ್ ಭಾಷೆಯಲ್ಲಿ ಮೊದಲನೆಯದು ‘ಬ್ರೊನೆನೋಸೆತ್ಸ್’. ‘ಬ್ರೊನ್ಯಾ’ ಎಂದರೆ ಕವಚ, ಉಳಿದ ಭಾಗ ಹೊರುವುದು ಎಂಬರ್ಥದ ಧಾತುವಿನಿಂದ ಬಂದದ್ದು. ‘ಕವಚಧಾರಿ’ ಎಂದರೆ ಇದಕ್ಕೆ ಅಕ್ಷರಶಃ ಹೊಂದುತ್ತದೆ, ಕನ್ನಡದ ಕಿವಿಗೆ ಹೊಸದೂ ಅಲ್ಲ. 1907ರಲ್ಲಿ ರಷ್ಯಾದ ನೌಕಾಪಡೆ ಆ ಹೆಸರನ್ನು ಕೈಬಿಟ್ಟು ಇಂಥ ಹಡಗುಗಳನ್ನು ‘ಲಿನೇಯ್ನಿ ಕೊರಾಬ್ಲ್’, ಅಂದರೆ ಸಾಲುಗಟ್ಟಿ ಕಾದುವ ಹಡಗು, ಎಂದು ಕರೆಯತೊಡಗಿತು. ಆದ್ದರಿಂದ 1907ಕ್ಕೆ ಮೊದಲಿನವನ್ನು ‘ಕವಚಧಾರಿ’ ಎಂದೂ, 1909ರಿಂದಾಚೆಗೆ ಕಟ್ಟಿದ, ಒಂದೇ ಅಳತೆಯ ಅನೇಕ ಭಾರಿ ತೋಪುಗಳಿದ್ದ ದೊಡ್ಡವನ್ನು ‘ಡ್ರೆಡ್‌ನಾಟ್’ ಎಂದೂ, ಒಟ್ಟಾರೆಯಾಗಿ ಹೇಳುವಾಗ ‘ಸಮರನೌಕೆ’ ಎಂದೂ ಬರೆಯುವುದು ಸರಿಯೆಂದು ನನಗೆ ತೋರುತ್ತದೆ.

‘ಕವಚಧಾರಿ’ಗೆ ಒಂದು ಆಕ್ಷೇಪಣೆ ಬರಬಹುದು. ಕವಚ ಎಂದೊಡನೆ ನಮಗೆ ನೆನಪಾಗುವುದು ಕರ್ಣ, ಅವನ ಕವಚವಾದರೋ ಹುಟ್ಟಿನೊಂದಿಗೆ ಬಂದದ್ದು. ಹಡಗಿನ ಕವಚ ಹಾಗಲ್ಲ. ಒಡಲನ್ನು ಕಟ್ಟಿ ನೀರಿಗಿಳಿಸಿದ ಮೇಲೆ, ಬಂದರಿನಲ್ಲಿ ತೇಲುತ್ತಿರುವಾಗ, ಕಾರ್ಖಾನೆಯಿಂದ ತಂದ ದಪ್ಪ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಬೋಲ್ಟುಗಳಿಂದ ಬಿಗಿಯುತ್ತಿದ್ದರು. ‘ಓರ್ಯೋಲ್’ ಎಂಬ ಕವಚಧಾರಿಯ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನ ಗಲೇರ್ನಿ ದ್ವೀಪದ ಕಟ್ಟೆಯಿಂದ 1902ರ ಜುಲೈನಲ್ಲಿ ನೀರಿಗಿಳಿದ ಈ ಹಡಗು 1904ರ ಮೇ ತಿಂಗಳಲ್ಲಿ, ಜಪಾನಿನೊಂದಿಗೆ ಯುದ್ಧ ನಡೆಯುತ್ತಿರುವಾಗ, ಕ್ರೊನ್‌ಸ್ಟಾಟ್ ಬಂದರಿನಲ್ಲಿ ಕವಚಕ್ಕಾಗಿ ಕಾದು ನಿಂತಿತ್ತು. ಕವಚದ ಹಲಗೆಗಳನ್ನು ಬಿಗಿಯಲು ಕೊರೆದಿದ್ದ ತೂತುಗಳ ಮೂಲಕ ನೀರು ಒಳನುಗ್ಗಿ ಹಡಗು ವಾಲಿ ಬಂದರಿನ ನೆಲಕ್ಕೆ ಕೂತುಬಿಟ್ಟಿತು. ನೀರು ತೆಗೆದು ಮೇಲೆತ್ತಿ, ಕೆಲಸ ಮುಗಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ಅದನ್ನು ಅಡ್ಮಿರಲ್ ರೊಝೆಸ್ತ್‌ವೆನ್‌ಸ್ಕಿಯ ಪಡೆಯೊಂದಿಗೆ ಅರ್ಧ ಭೂಮಿ ಸುತ್ತಿ ಹೋಗಲು ಕಳುಹಿಸಿದರು. ಇದನ್ನು ‘ಓರ್ಯೋಲ್ 1904ರಲ್ಲಿ ಮುಳುಗಿತು’ ಎಂದು ಬರೆದರೆ, ಮರುವರ್ಷ ಅದು ಜಪಾನಿನೆದುರು ರಷ್ಯಾ ಸೋತ ತ್ಸುಶಿಮಾ ನೌಕಾಕದನದಲ್ಲಿ ಹೋರಾಡಿದ್ದು ಹೇಗೆಂದು ಓದುಗ ಗೊಂದಲಕ್ಕೆ ಬೀಳುತ್ತಾನೆ. ‘ನೆಲಕ್ಕೆ ಕೂತಿತು’ ಎಂದರೆ ಎಲ್ಲವೂ ಸ್ಪಷ್ಟ: ನೀರು ಆಳವಿರಲಿಲ್ಲ, ಮೇಲೆತ್ತಲು ಸಾಧ್ಯವಿತ್ತು. ಗೋಡೆ ಕೂತಿತು, ನೆಲ ಕೂತಿತು ಎನ್ನುವ ನಮ್ಮಲ್ಲಿ ಈ ಬಳಕೆಗೆ ವಿವರಣೆಯೇ ಬೇಕಿಲ್ಲ.

ಹಡಗು ಹುಟ್ಟುವ ಹಂತಗಳ ಪದಗಳಲ್ಲಿಯೂ ಇಂಥದೇ ಕಲಬೆರಕೆ ಇದೆ. ರಷ್ಯನ್ನಿನಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ಮೊದಲನೆಯದು ‘ಜಕ್ಲಾದ್ಕಾ’: ಕಟ್ಟಡದ ಶಂಕುಸ್ಥಾಪನೆಗೂ ಹಡಗಿನ ಆರಂಭಕ್ಕೂ ಒಂದೇ ಪದ. ರಾಜಮನೆತನದವರು ಅಥವಾ ಹಿರಿಯ ಅಧಿಕಾರಿಗಳ ಸಮ್ಮುಖದಲ್ಲಿ ಹಡಗಿನ ಹೆಸರು, ತಾರೀಖು ಕೆತ್ತಿದ ಬೆಳ್ಳಿಯ ಫಲಕವೊಂದನ್ನು ತಳದ ಭಾಗದಲ್ಲಿ ಇರಿಸುತ್ತಿದ್ದರು. ಲೋಹ ಜೋಡಿಸುವ ಕೆಲಸ ಎಷ್ಟೋ ಸಲ ಆ ಸಮಾರಂಭಕ್ಕೆ ತಿಂಗಳುಗಟ್ಟಲೆ ಮೊದಲೇ ಶುರುವಾಗಿರುತ್ತಿತ್ತು. ಆದ್ದರಿಂದ ಇಲ್ಲಿ ‘ನಿರ್ಮಾಣ ಆರಂಭವಾಯಿತು’ ಎನ್ನುವುದಕ್ಕಿಂತ ‘ಶಂಕುಸ್ಥಾಪನೆ ನಡೆಯಿತು’ ಎಂಬುದೇ ಸತ್ಯಕ್ಕೆ ಹತ್ತಿರ. ‘ಕೀಲ್ ಹಾಕಿದರು’ ಎಂದು ಇಂಗ್ಲಿಷನ್ನು ಹಿಂಬಾಲಿಸಿದರೆ ನಮ್ಮ ‘ಕೀಲು’ ಅಡ್ಡಬಂದು ಸಂದಿನ ಅರ್ಥ ಕೊಡುತ್ತದೆ. ಎರಡನೆಯದು ‘ಸ್ಪುಸ್ಕ್ ನಾ ವೋದು’, ಅಂದರೆ ನೀರಿಗಿಳಿಸುವುದು. ಮೂರನೆಯದು ‘ಸಾಲಿಗೆ ಸೇರುವುದು’ ಎಂಬರ್ಥದ ಮಾತು, ನಮ್ಮಲ್ಲಿ ‘ಪಡೆಗೆ ಸೇರಿತು’. ಈಗ ರೂಢಿಯಲ್ಲಿರುವ ‘ಲೋಕಾರ್ಪಣೆ’ ಎರಡನೆಯದಕ್ಕೂ ಮೂರನೆಯದಕ್ಕೂ ಯಥೇಚ್ಛವಾಗಿ ಬಳಕೆಯಾಗುತ್ತಿದೆ. ಸೇತುವೆ, ಆಸ್ಪತ್ರೆಗಳಿಗೆ ಒಪ್ಪುವ ಈ ಪದ ಲೋಕಕ್ಕೆ ಅರ್ಪಿಸದ ಸಮರನೌಕೆಗೆ ಹೇಗೂ ಒಪ್ಪುವುದಿಲ್ಲ.

ನೀರಿಗಿಳಿಯುವುದಕ್ಕೂ ಪಡೆಗೆ ಸೇರುವುದಕ್ಕೂ ನಡುವಿನ ಅಂತರ ಚಿಕ್ಕ ಸಂಗತಿಯಲ್ಲ. ಅದು ಮನೆಗೆ ಚಾವಣಿ ಬೀಳುವುದಕ್ಕೂ ಗೃಹಪ್ರವೇಶಕ್ಕೂ ನಡುವಿನ ಅಂತರ. ತ್ಸುಶಿಮಾದ ಸೋಲಿನ ನಂತರ ರಷ್ಯಾ ತನ್ನ ಮೊದಲ ನಾಲ್ಕು ಡ್ರೆಡ್‌ನಾಟುಗಳಿಗೆ 1909ರ ಜೂನ್ 16ರಂದು, ಹಳೆಯ ಪಂಚಾಂಗದಂತೆ ಜೂನ್ 3ರಂದು, ಒಂದೇ ದಿನ ಶಂಕುಸ್ಥಾಪನೆ ನಡೆಸಿತು. ‘ಸೆವಸ್ತೋಪೋಲ್’, ‘ಪೆತ್ರೊಪಾವ್ಲೊವ್‌ಸ್ಕ್’ ಬಾಲ್ಟಿಕ್ ಕಾರ್ಖಾನೆಯಲ್ಲಿ, ‘ಗಂಗುತ್’, ‘ಪೊಲ್ತಾವಾ’ ಅಡ್ಮಿರಾಲ್ಟಿ ಕಾರ್ಖಾನೆಯಲ್ಲಿ. ನಾಲ್ಕೂ 1911ರಲ್ಲಿ ನೀರಿಗಿಳಿದವು, ಆದರೆ ಪಡೆಗೆ ಸೇರಿದ್ದು 1914ರ ಕೊನೆ ಮತ್ತು 1915ರ ಆರಂಭದ ವೇಳೆಗೆ. ‘1911ರಲ್ಲಿ ಸಿದ್ಧವಾದವು’ ಎಂದು ಬರೆದುಬಿಟ್ಟರೆ, 1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾದಾಗ ಬಾಲ್ಟಿಕ್ ಪಡೆಯ ಬಳಿ ಒಂದೇ ಒಂದು ಡ್ರೆಡ್‌ನಾಟ್ ಏಕಿರಲಿಲ್ಲ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ‘ಇಝ್ಮಯಿಲ್’ ವರ್ಗದ ನಾಲ್ಕು ಹಡಗುಗಳದು ಇನ್ನೂ ವಿಚಿತ್ರ. 1912ರಲ್ಲಿ ಶಂಕುಸ್ಥಾಪನೆಯಾಗಿ, 1915–16ರಲ್ಲಿ ನೀರಿಗಿಳಿದ ಅವು ಪಡೆಗೆ ಸೇರಲೇ ಇಲ್ಲ. ಕ್ರಾಂತಿಯ ನಂತರ ಅವುಗಳಲ್ಲಿ ಮೂರರ ಒಡಲನ್ನು ಜರ್ಮನಿಗೆ ಗುಜರಿಯಾಗಿ ಮಾರಿದರು. ಈ ಮೂರು ಹಂತಗಳ ಪದಗಳು ನಮಗೂ ದೂರದವಲ್ಲ. ಇಂದು ಉಕ್ರೇನಿನಲ್ಲಿರುವ ಮಿಕೊಲಾಯಿವ್, ಅಂದಿನ ನಿಕೊಲಾಯೆವ್, ನಗರದಲ್ಲಿ 1914ರಲ್ಲಿ ‘ಇಂಪೆರಾತ್ರಿತ್ಸಾ ಯೆಕತೆರಿನಾ ವೆಲಿಕಾಯಾ’ ಎಂಬ ಡ್ರೆಡ್‌ನಾಟನ್ನು ನೀರಿಗಿಳಿಸಿದ ಕಾರ್ಖಾನೆಯೇ ಮುಂದೆ ಸೋವಿಯತ್ ಕಾಲದಲ್ಲಿ ‘ಬಾಕು’ ಎಂಬ ವಿಮಾನವಾಹಕ ನೌಕೆಯನ್ನು ಕಟ್ಟಿತು. 1982ರಲ್ಲಿ ನೀರಿಗಿಳಿದು, 1987ರಲ್ಲಿ ಸೋವಿಯತ್ ಪಡೆಗೆ ಸೇರಿ, 2013ರಲ್ಲಿ ‘ವಿಕ್ರಮಾದಿತ್ಯ’ ಎಂಬ ಹೆಸರಿನಿಂದ ಭಾರತದ ಪಡೆಗೆ ಸೇರಿದ ಆ ಹಡಗು ನಮ್ಮ ಕಾರವಾರದ ನೆಲೆಗೆ ಬಂತು. ಒಂದೇ ಒಡಲು ಒಮ್ಮೆ ನೀರಿಗಿಳಿದು ಎರಡು ಸಲ ಪಡೆಗೆ ಸೇರಿದ ಈ ಉದಾಹರಣೆಯಲ್ಲಿ ‘ಲೋಕಾರ್ಪಣೆ’ಯನ್ನು ಎಲ್ಲಿ ಇಡುವುದು?

ನಡುವೆ ಒಂದು ಅಪಾಯಕಾರಿ ಪದವನ್ನು ಹೇಳಿಬಿಡಬೇಕು. ಅದು ‘ಮಿನಾ’. ಆ ಕಾಲದ ರಷ್ಯನ್ ಬರಹದಲ್ಲಿ ನೀರಡಿಯಲ್ಲಿ ಹುದುಗಿಸಿಟ್ಟ ಸಿಡಿಗುಂಡಿಗೂ, ಯಂತ್ರಬಲದಿಂದ ಸಾಗಿ ಹೋಗಿ ಬಡಿಯುವ ಟಾರ್ಪಿಡೊಗೂ ‘ಮಿನಾ’ ಎಂದೇ ಹೆಸರು. ಟಾರ್ಪಿಡೊವನ್ನು ಬೇರ್ಪಡಿಸಿ ಹೇಳಬೇಕಾದಾಗ ‘ತಾನೇ ಚಲಿಸುವ ಮಿನಾ’ ಎನ್ನುತ್ತಿದ್ದರು. 1904ರ ಫೆಬ್ರವರಿ 8ರ ರಾತ್ರಿ, ಚೀನಾದ ಕರಾವಳಿಯಲ್ಲಿ ಆಗ ರಷ್ಯಾದ ನೌಕಾನೆಲೆಯಾಗಿದ್ದ ಪೋರ್ಟ್ ಆರ್ಥರಿನ ಹೊರಬಂದರಿನಲ್ಲಿ ‘ರೆತ್ವಿಜಾನ್’, ‘ತ್ಸೆಸರೇವಿಚ್’, ‘ಪಲ್ಲಾದಾ’ ಹಡಗುಗಳಿಗೆ ತಗುಲಿದ್ದು ಜಪಾನಿ ದೋಣಿಗಳು ಬಿಟ್ಟ ಟಾರ್ಪಿಡೊಗಳು. ಏಪ್ರಿಲ್ 13ರಂದು ‘ಪೆತ್ರೊಪಾವ್ಲೊವ್‌ಸ್ಕ್’ ಎಂಬ (ಡ್ರೆಡ್‌ನಾಟಿಗಿಂತ ಹಿಂದಿನ, ಅದೇ ಹೆಸರಿನ) ಕವಚಧಾರಿಯನ್ನು ಅಡ್ಮಿರಲ್ ಮಕಾರೊವ್ ಮತ್ತು ಭಾರತದ ಚಿತ್ರಗಳನ್ನೂ ಬರೆದಿದ್ದ ಕಲಾವಿದ ವೆರೆಶ್ಚಾಗಿನ್ ಸಮೇತ ಕೆಲವೇ ನಿಮಿಷಗಳಲ್ಲಿ ಬಲಿ ತೆಗೆದುಕೊಂಡದ್ದು ನೀರಿನಲ್ಲಿ ಹುದುಗಿದ್ದ ಸಿಡಿಗುಂಡು. ರಷ್ಯನ್ ಮೂಲದಲ್ಲಿ ಎರಡೂ ಕಡೆ ‘ಮಿನಾ’ ಎಂದಿರುತ್ತದೆ, ಸಂದರ್ಭ ನೋಡದೆ ಅನುವಾದಿಸಿದರೆ ಮೊದಲನೆಯ ಘಟನೆ ಆಕಸ್ಮಿಕವಾಗಿಯೂ ಎರಡನೆಯದು ದಾಳಿಯಾಗಿಯೂ ಅದಲುಬದಲಾಗಬಹುದು. ಇದೇ ಮೂಲದ ‘ಮಿನೊನೋಸೆತ್ಸ್’ ಎಂದರೆ ಟಾರ್ಪಿಡೊ ಹೊತ್ತ ಹಡಗು. ಅದರ ದೊಡ್ಡ ರೂಪವನ್ನು ಇಂಗ್ಲಿಷಿನ ದಾರಿಯಲ್ಲಿ ‘ವಿಧ್ವಂಸಕ ನೌಕೆ’ ಎಂದು ನಾವು ಕರೆಯುತ್ತೇವೆ. ‘ವಿಧ್ವಂಸಕ ಕೃತ್ಯ’ ಎಂಬುದು ಕನ್ನಡದಲ್ಲಿ ಒಳಸಂಚಿನ ಹಾಳುಗೆಡಹುವಿಕೆಗೆ ಗಟ್ಟಿಯಾಗಿ ನಿಂತುಬಿಟ್ಟಿರುವುದರಿಂದ, ಅಂಥ ಸಂಚಿನ ಅನುಮಾನವೇ ಇರುವ ಈ ಇತಿಹಾಸದಲ್ಲಿ ನಾನು ‘ಡಿಸ್ಟ್ರಾಯರ್’ ಎಂದೇ ಬರೆಯಲು ಬಯಸುತ್ತೇನೆ. ಹುದುಗಿಸಿಟ್ಟ ಸಿಡಿಗುಂಡಿಗೆ ‘ನೆಲಬಾಂಬ್’ನಂತೆ ಚಿಕ್ಕದೊಂದು ಪದ ಬೇಕಾಗಿದೆ. ‘ಮೈನ್’ ಎಂದರೆ ಬಳ್ಳಾರಿಯ ಕಡೆಯವರಿಗೆ ಗಣಿಯೇ ಮೊದಲು ನೆನಪಾಗುತ್ತದೆ.

ಇನ್ನು ಮುಖ್ಯ ವಿಷಯ. ತಮ್ಮ ಹಡಗನ್ನು ತಾವೇ ನೀರು ತುಂಬಿಸಿ ತಳ ಸೇರಿಸುವುದಕ್ಕೆ ರಷ್ಯನ್ನಿನಲ್ಲಿ ‘ಜತೊಪೀತ್’ ಎಂಬ ಕ್ರಿಯಾಪದವಿದೆ. ಶತ್ರು ಮುಳುಗಿಸಿದರೆ ‘ಪತೊಪೀತ್’, ತಾನಾಗಿ ಮುಳುಗಿದರೆ ‘ಜತನೂತ್’. ಬಳಕೆಯಲ್ಲಿ ಗಡಿಗಳು ಅಲ್ಲಲ್ಲಿ ಮಸುಕಾದರೂ ಈ ವ್ಯತ್ಯಾಸ ರಷ್ಯನ್ ಓದುಗನಿಗೆ ಸಹಜವಾಗಿ ತಿಳಿಯುತ್ತದೆ. ಮೊದಲನೆಯ ಪದಕ್ಕೆ ಅವರಲ್ಲಿ ಗೌರವದ ಛಾಯೆ ಇದೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ಸೆವಸ್ತೋಪೋಲ್ ಕೊಲ್ಲಿಯೊಳಗೆ ಬರದಂತೆ ರಷ್ಯನ್ನರು ತಮ್ಮ ಹಾಯಿಹಡಗುಗಳನ್ನೇ ಬಾಯಿಯಲ್ಲಿ ಅಡ್ಡಲಾಗಿ ಮುಳುಗಿಸಿದರು. ಅವುಗಳ ನೆನಪಿಗೆ 1905ರಲ್ಲಿ ಕಡಲಿನೊಳಗಿನ ಬಂಡೆಯ ಮೇಲೆ ಎತ್ತಿದ ಕಂಬಕ್ಕೆ ‘ಜತೊಪ್ಲೆನ್ನಿ ಹಡಗುಗಳ ಸ್ಮಾರಕ’ ಎಂದೇ ಹೆಸರು.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ವ್ಯಾಕರಣ ನಮಗೆ ಒಂದು ಸೊಗಸಾದ ದಾರಿ ಕೊಟ್ಟಿದೆ: ಮುಳುಗು, ಮುಳುಗಿಸು, ಮುಳುಗಿಸಿಕೊಳ್ಳು. ‘ಕೊಳ್ಳು’ ಸೇರಿದೊಡನೆ ಕ್ರಿಯೆ ಮಾಡಿದವನ ಕಡೆಗೇ ತಿರುಗುತ್ತದೆ. ಆದರೆ ‘ಹಡಗನ್ನು ಮುಳುಗಿಸಿಕೊಂಡರು’ ಎಂದು ಓದಿದ ಕನ್ನಡಿಗನ ಮನಸ್ಸಿಗೆ ಬರುವುದು ತಿಳಿಗೇಡಿತನ. ವ್ಯಾಪಾರದಲ್ಲಿ ದುಡ್ಡು ಮುಳುಗಿಸಿಕೊಂಡ, ಜಾಮೀನು ನಿಂತು ಮನೆ ಕಳೆದುಕೊಂಡ ಎಂಬ ಮಾತುಗಳ ಸಾಲಿಗೇ ಅದು ಸೇರುತ್ತದೆ. ರಷ್ಯನ್ ಪದದಲ್ಲಿರುವ ಗೌರವಕ್ಕೆ ಇದು ನೇರ ವಿರುದ್ಧ. ‘ಮುಳುಗಡೆ’ ಎಂಬ ನಾಮಪದವೂ ಕೈಗೆ ಸಿಗುವುದಿಲ್ಲ. ಲಿಂಗನಮಕ್ಕಿ, ಆಲಮಟ್ಟಿಗಳ ನಂತರ ಆ ಪದ ಅಣೆಕಟ್ಟಿನ ಹಿನ್ನೀರಿಗೆ ಮನೆ, ಜಮೀನು ಕಳೆದುಕೊಂಡವರ ಬದುಕಿನೊಂದಿಗೆ ಬೆಸೆದುಹೋಗಿದೆ, ಅದನ್ನು ಅಲ್ಲಿಯೇ ಬಿಡುವುದು ನ್ಯಾಯ. ‘ಜಲಸಮಾಧಿ’ಯಲ್ಲಿ ತಾನಾಗಿ ಬಯಸಿ ಪಡೆದ ಅಂತ್ಯದ ಅರ್ಥ ಮೂಲತಃ ಇದ್ದರೂ ಈಗ ನೀರಿನಲ್ಲಿ ಸತ್ತ ಯಾರಿಗಾದರೂ ಅದು ಅನ್ವಯವಾಗುತ್ತಿದೆ. ಇನ್ನೊಂದು ತೊಡಕೆಂದರೆ ಸಮಾಧಿ ಸೇರಿದ್ದು ಮೇಲೆದ್ದು ಬರಬಾರದು. ರಷ್ಯಾದ ಹಡಗುಗಳು ಎದ್ದು ಬಂದವು, ಅದೂ ಶತ್ರುವಿನ ಬಾವುಟದಡಿ.

‘ವರ್ಯಾಗ್’ ಕ್ರೂಸರಿನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ರಾಂಪ್ ಕಂಪನಿ ಕಟ್ಟಿ 1899ರಲ್ಲಿ ನೀರಿಗಿಳಿಸಿದ ಈ ಹಡಗು 1904ರ ಫೆಬ್ರವರಿ 9ರಂದು ಕೊರಿಯಾದ ಚೆಮುಲ್ಪೊ ಬಂದರಿನ ಹೊರಗೆ ತನಗಿಂತ ಬಹಳ ದೊಡ್ಡದಾದ ಜಪಾನಿ ಪಡೆಯೊಂದಿಗೆ ಕಾದು, ತೀವ್ರವಾಗಿ ಗಾಯಗೊಂಡು, ಬಂದರಿಗೆ ಮರಳಿತು. ಜೊತೆಗಿದ್ದ ‘ಕೊರೇಯೆತ್ಸ್’ ಎಂಬ ಫಿರಂಗಿ ದೋಣಿಯನ್ನು ಸಿಡಿಸಿ ಚೂರು ಮಾಡಿದರು. ಆದರೆ ಇಕ್ಕಟ್ಟಾದ ಬಂದರಿನಲ್ಲಿ ಬೇರೆ ದೇಶಗಳ ಹಡಗುಗಳೂ ಲಂಗರು ಹಾಕಿದ್ದರಿಂದ ‘ವರ್ಯಾಗ್’ ಅನ್ನು ಸಿಡಿಸಲಿಲ್ಲ. ಕ್ಯಾಪ್ಟನ್ ರುದ್ನೇವ್ ನಾವಿಕರನ್ನು ಇಳಿಸಿ, ಹಡಗಿನ ತಳದಲ್ಲಿರುವ ‘ಕಿಂಗ್‌ಸ್ಟೋನ್’ಗಳನ್ನು, ಅಂದರೆ ಕಡಲ ನೀರನ್ನು ಒಳಬಿಡುವ ಕವಾಟಗಳನ್ನು, ತೆರೆಸಿದ. ಹಡಗು ಎಡಮಗ್ಗುಲಿಗೆ ಒರಗಿ ಆಳವಿಲ್ಲದ ನೀರಿನಲ್ಲಿ ಮಲಗಿತು. ಜಪಾನಿಯರು ಅದನ್ನು 1905ರಲ್ಲಿ ಎತ್ತಿ ‘ಸೋಯಾ’ ಎಂದು ಹೆಸರಿಟ್ಟು ಬಳಸಿದರು. 1916ರಲ್ಲಿ ರಷ್ಯಾ ಅದನ್ನು ಮರಳಿ ಕೊಂಡಿತು. ದುರಸ್ತಿಗೆಂದು ಬ್ರಿಟನ್ನಿಗೆ ಹೋದಾಗ ಕ್ರಾಂತಿಯಾಗಿ, ಬ್ರಿಟಿಷರು ಅದನ್ನು ವಶಪಡಿಸಿಕೊಂಡು 1920ರಲ್ಲಿ ಗುಜರಿಗೆ ಮಾರಿದರು. ಎಳೆದೊಯ್ಯುವಾಗ ಸ್ಕಾಟ್ಲೆಂಡಿನ ಲೆಂಡಲ್‌ಫುಟ್ ಬಳಿ ಬಂಡೆಗಳ ಮೇಲೆ ಸಿಕ್ಕಿಕೊಂಡ ಅದನ್ನು ಅಲ್ಲಿಯೇ ತುಂಡು ಮಾಡಿದರು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ‘ಹಡಗು ಒಡೆಯಿತು’ ಎಂದರೆ ಬಂಡೆಗೆ ಬಡಿದು ಹಾಳಾದದ್ದು, ‘ಹಡಗನ್ನು ಒಡೆದರು’ ಎಂದರೆ ಗುಜರಿಗಾಗಿ ಕತ್ತರಿಸಿದ್ದು. ‘ವರ್ಯಾಗ್’ಗೆ ಎರಡೂ ಆದವು.

‘ವರ್ಯಾಗ್’ಗೆ ಎದುರಾಗಿ ನಿಲ್ಲುವುದು ‘ಸೆವಸ್ತೋಪೋಲ್’ ಎಂಬ, ಇದೂ ಡ್ರೆಡ್‌ನಾಟಿಗಿಂತ ಹಿಂದಿನ, ಕವಚಧಾರಿಯ ಕಥೆ. 1904ರ ಡಿಸೆಂಬರಿನಲ್ಲಿ ಪೋರ್ಟ್ ಆರ್ಥರಿನ ಒಳಬಂದರಿನಲ್ಲಿದ್ದ ರಷ್ಯನ್ ಹಡಗುಗಳನ್ನು ಗುಡ್ಡದ ಆಚೆಯಿಂದ ಜಪಾನಿನ ಭಾರಿ ಹೊವಿಟ್ಜರ್ ತೋಪುಗಳು ಒಂದೊಂದಾಗಿ ಹೊಡೆದುರುಳಿಸುತ್ತಿದ್ದಾಗ, ಕ್ಯಾಪ್ಟನ್ ಎಸ್ಸೆನ್ ತನ್ನ ಹಡಗನ್ನು ಹೊರಗೆ ತಂದು ಟಾರ್ಪಿಡೊ ದಾಳಿಗಳನ್ನು ಎದುರಿಸಿದ. ಕೋಟೆ ಶರಣಾದಾಗ, 1905ರ ಜನವರಿ ಆರಂಭದಲ್ಲಿ, ಅದನ್ನು ಆಳವಾದ ನೀರಿಗೆ ಒಯ್ದು ಮುಳುಗಿಸಿದ. ಒಳಬಂದರಿನಲ್ಲಿ ನೆಲಕ್ಕೆ ಕೂತಿದ್ದ ‘ಪೊಲ್ತಾವಾ’, ‘ರೆತ್ವಿಜಾನ್’, ‘ಪೆರೆಸ್ವೆತ್’, ‘ಪೊಬೇದಾ’ ನಾಲ್ಕನ್ನೂ ಜಪಾನಿಯರು ಎತ್ತಿ ತಮ್ಮ ಪಡೆಗೆ ಸೇರಿಸಿಕೊಂಡರು. ‘ಸೆವಸ್ತೋಪೋಲ್’ ಮಾತ್ರ ಅವರ ಕೈಗೆ ದಕ್ಕಲಿಲ್ಲ. ಅದಕ್ಕಾಗಿ ನನ್ನ ಸೂಚನೆ ಇಷ್ಟು: ತಮ್ಮವರೇ ಮಾಡಿದ ಕೆಲಸಕ್ಕೆ ‘ಶತ್ರುವಿಗೆ ದಕ್ಕದಂತೆ ಮುಳುಗಿಸಿದರು’ ಎಂದು ಕರ್ತೃವನ್ನೂ ಉದ್ದೇಶವನ್ನೂ ಬಿಚ್ಚಿ ಬರೆಯುವುದು; ಆಳವಿಲ್ಲದಲ್ಲಿ ಮಾಡಿದ್ದಾದರೆ ‘ನೆಲಕ್ಕೆ ಕೂರಿಸಿದರು’ ಎನ್ನುವುದು. 1905ರಲ್ಲಿ ‘ಪೊತ್ಯೋಮ್ಕಿನ್’ನ ದಂಗೆಕೋರ ನಾವಿಕರು ರೊಮೇನಿಯಾದ ಕೊನ್‌ಸ್ಟಾಂಟ್ಸಾದಲ್ಲಿ ಇಳಿದುಹೋಗುವ ಮುನ್ನ ಕವಾಟ ತೆರೆದು ಮಾಡಿದ್ದೂ ಇದನ್ನೇ, ರಷ್ಯನ್ನರು ಬಂದು ನೀರು ತೆಗೆದು ಹಡಗನ್ನು ಬೇಗನೆ ಕರೆದೊಯ್ದರು. ‘ಮುಳುಗಿಸಲಾಯಿತು’ ಎಂಬ ಕರ್ತೃವಿಲ್ಲದ ರೂಪವನ್ನು ಈ ವಿಷಯದಲ್ಲಿ ಪೂರ್ತಿಯಾಗಿ ದೂರವಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

‘ಸ್ಲಾವಾ’ದ ಪ್ರಸಂಗದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1917ರ ಅಕ್ಟೋಬರ್ 17ರಂದು, ಇಂದಿನ ಎಸ್ಟೋನಿಯಾದ ಮೂನ್ ಜಲಸಂಧಿಯ ಬಳಿ, ಜರ್ಮನಿಯ ‘ಕೋನಿಗ್’ ಮತ್ತು ‘ಕ್ರೊನ್‌ಪ್ರಿನ್ಜ್’ ಡ್ರೆಡ್‌ನಾಟುಗಳ ಗುಂಡುಗಳು ಈ ಹಳೆಯ ಹಡಗಿನ ಮುಂಭಾಗಕ್ಕೆ ನೀರಿನ ಮಟ್ಟದ ಕೆಳಗೆ ಬಡಿದವು. ಹಡಗು ಮುಳುಗಲಿಲ್ಲ, ತನ್ನ ಯಂತ್ರಬಲದಿಂದಲೇ ಹಿಂದೆ ಸರಿಯಿತು. ಆದರೆ ಒಳಹೊಕ್ಕ ನೀರಿನಿಂದಾಗಿ ಅದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಪಾರಾಗಲು ಇದ್ದ ಒಂದೇ ದಾರಿಯಾದ ಜಲಸಂಧಿಯ ಕಾಲುವೆಯಲ್ಲಿ ಹಾಯಲು ಸಾಧ್ಯವಿರಲಿಲ್ಲ. ಹಡಗಿನಿಂದ ಜನರನ್ನು ಇಳಿಸಿ ತಾವೇ ಮದ್ದಿನ ಕೋಣೆಯನ್ನು ಸಿಡಿಸಿದರು. ‘ಜರ್ಮನರ ದಾಳಿಯಲ್ಲಿ ಮುಳುಗಿತು’ ಎಂದರೆ ಈ ನಿರ್ಧಾರದ ಭಾರವೇ ಮಾಯವಾಗುತ್ತದೆ.

ಬುಡಮೇಲಾಗುವುದಕ್ಕೆ ನಮ್ಮಲ್ಲಿ ಹೊಳೆ, ಕಡಲುಗಳ ಜನ ದಿನವೂ ಆಡುವ ‘ಮಗುಚು’ ಇರುವಾಗ ಬೇರೇನೂ ಬೇಡ. 1905ರ ಮೇ 27ರಂದು ತ್ಸುಶಿಮಾದಲ್ಲಿ ‘ಓಸ್ಲ್ಯಾಬ್ಯಾ’, ‘ಇಂಪೆರಾತೊರ್ ಅಲೆಕ್ಸಾಂದ್ರ್ III’, ‘ಬೊರೊದಿನೊ’ ಮಗುಚಿಕೊಂಡವು. ‘ಬೊರೊದಿನೊ’ದಲ್ಲಿ ಬದುಕಿದವನು ಒಬ್ಬನೇ ನಾವಿಕ, ‘ಅಲೆಕ್ಸಾಂದ್ರ್’ನಲ್ಲಿ ಯಾರೂ ಉಳಿಯಲಿಲ್ಲ. ಯೋಜನೆಗಿಂತ ಹೆಚ್ಚು ಭಾರವಾಗಿ ಕಟ್ಟಿದ್ದ, ಮೇಲೆ ಹೋದಂತೆ ಪಕ್ಕೆಗಳು ಒಳಕ್ಕೆ ಬಾಗಿದ್ದ ಈ ಹಡಗುಗಳಲ್ಲಿ ದೂರದ ಪಯಣಕ್ಕೆಂದು ಕಲ್ಲಿದ್ದಲನ್ನೂ ಮಿತಿಮೀರಿ ತುಂಬಿದ್ದರು. ‘ಮುಳುಗಿದವು’ ಎಂದರೆ ಈ ಕಾರಣಸರಣಿ ಕಾಣುವುದಿಲ್ಲ, ‘ಮಗುಚಿದವು’ ಎಂದರೆ ಏಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆಯನ್ನು ಮೊದಲೇ ಎತ್ತಿದ್ದವರು ಮಕಾರೊವ್ ಮತ್ತು ಗಣಿತಜ್ಞ ಕ್ರಿಲೊವ್. ಅವರು ಬೆಳೆಸಿದ ‘ನೆಪತಪ್ಲ್ಯಾಯೆಮಸ್ತ್’ ಎಂಬ ಪರಿಕಲ್ಪನೆಯನ್ನು ‘ಮುಳುಗದಿರುವಿಕೆ’ ಎಂದು ಅನುವಾದಿಸಿದರೆ ಎಂದೂ ಮುಳುಗದ ಹಡಗು ಎಂಬ ತಪ್ಪು ಭರವಸೆ ಕೊಟ್ಟಂತಾಗುತ್ತದೆ. ಒಂದು ಭಾಗಕ್ಕೆ ನೀರು ನುಗ್ಗಿದಾಗ ಎದುರು ಬದಿಯ ಕೋಣೆಗೆ ತಾವೇ ನೀರು ಬಿಟ್ಟು ಹಡಗನ್ನು ನೆಟ್ಟಗೆ ನಿಲ್ಲಿಸುವುದು ಅವರ ಉಪಾಯದ ಸಾರ. ಹಾಗಾಗಿ ‘ನೀರು ತುಂಬಿದರೂ ತೇಲುವ ಕಸುವು’ ಎಂದು ನಾನು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಅಡಕವಾದದ್ದು ಸಿಕ್ಕರೆ ಸಂತೋಷ.

1916ರ ಅಕ್ಟೋಬರ್ 20ರ ಬೆಳಿಗ್ಗೆ ಸೆವಸ್ತೋಪೋಲ್ ಬಂದರಿನಲ್ಲಿ ‘ಇಂಪೆರಾತ್ರಿತ್ಸಾ ಮರಿಯಾ’ ಎಂಬ ಡ್ರೆಡ್‌ನಾಟ್ ಮುಂಭಾಗದ ಮದ್ದಿನ ಕೋಣೆ ಹೊತ್ತಿ, ಸ್ಫೋಟಗಳಾಗಿ, ಒಂದು ಗಂಟೆಯೊಳಗೆ ಮಗುಚಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಪಘಾತವೋ ಸಂಚೋ ಎಂಬುದು ತೀರ್ಮಾನವಾಗಲೇ ಇಲ್ಲ. ಮುಂದೆ ಕೋಣೆಗಳಿಗೆ ಒತ್ತಡದ ಗಾಳಿ ತುಂಬಿಸಿ 1918ರಲ್ಲಿ ಅದನ್ನು ಮೇಲಕ್ಕೆ ತಂದಾಗಲೂ ಹಡಗು ತಲೆಕೆಳಗಾಗಿಯೇ ಇತ್ತು. ಹಾಗೆಯೇ ಅದನ್ನು ಒಣಕಟ್ಟೆಗೆ ಎಳೆದು ತಂದರು. ತೋಪುಗಳ ಗೋಪುರಗಳು ಮಗುಚಿದಾಗಲೇ ಕಳಚಿ ಕೆಸರಿಗೆ ಬಿದ್ದಿದ್ದವು. ಅದರ ಸೋದರ ಹಡಗೊಂದು ಕ್ರಾಂತಿಯ ನಂತರ ‘ವೋಲ್ಯಾ’, ಆಮೇಲೆ ‘ಜನರಲ್ ಅಲೆಕ್ಸೇಯೆವ್’ ಎಂಬ ಹೆಸರು ಪಡೆದು, ಬೋಲ್ಶೆವಿಕರ ವಿರುದ್ಧ ಕಾದು ಸೋತ ಬಿಳಿ ಸೇನೆಯವರೊಂದಿಗೆ, ಆಗ ಫ್ರಾನ್ಸಿನ ಅಧೀನದಲ್ಲಿದ್ದ ಟ್ಯುನೀಸಿಯಾದ ಬಿಜೆರ್ತಾ ಸೇರಿತು. 1930ರ ದಶಕದಲ್ಲಿ ಅದನ್ನು ‘ಬಿಚ್ಚಿದರು’. ಇಲ್ಲಿ ‘ಗುಜರಿಗೆ ಹಾಕಿದರು’ ಎಂದರೆ ಸಾಲದು. ಏಕೆಂದರೆ ಅದರ ಹನ್ನೆರಡು ದೊಡ್ಡ ತೋಪುಗಳನ್ನು ಫ್ರಾನ್ಸ್ 1940ರಲ್ಲಿ ಫಿನ್ಲೆಂಡಿಗೆ ಕಳುಹಿಸಿತು. ಎಂಟು ಅಲ್ಲಿಗೆ ತಲುಪಿದವು, ನಾಲ್ಕು ನಾರ್ವೆಯಲ್ಲಿ ಜರ್ಮನರ ಕೈಗೆ ಸಿಕ್ಕಿ ಗರ್ನ್‌ಸಿ ದ್ವೀಪದ ಕೋಟೆಯನ್ನೇರಿದವು.

ಕೊನೆಯದಾಗಿ, ನನಗೆ ಇನ್ನೂ ಬಗೆಹರಿಯದ ಪದ ‘ಗೀಬೆಲ್’ ಮತ್ತು ಅದರ ಕ್ರಿಯಾರೂಪವಾದ ‘ಪಗೀಬ್’. ಯುದ್ಧದಲ್ಲಿ ಸತ್ತ ಮನುಷ್ಯನಿಗೂ ನಾಶವಾದ ಹಡಗಿಗೂ ರಷ್ಯನ್ನರು ಇದನ್ನೇ ಬಳಸುತ್ತಾರೆ. 1918ರ ಜೂನ್ 18ರಂದು, ಜರ್ಮನರಿಗೆ ಒಪ್ಪಿಸಬಾರದೆಂಬ ಲೆನಿನ್‌ರ ಆದೇಶದಂತೆ, ನೊವೊರೊಸ್ಸಿಯ್ಸ್ಕ್ ಬಂದರಿನಲ್ಲಿ ಕಪ್ಪು ಸಮುದ್ರ ಪಡೆಯ ಹಲವು ಹಡಗುಗಳನ್ನು ರಷ್ಯನ್ ನಾವಿಕರೇ ಮುಳುಗಿಸಿದರು. ‘ಯೆಕತೆರಿನಾ’ ಡ್ರೆಡ್‌ನಾಟಿಗೆ ಆಗ ‘ಸ್ವಬೋದ್ನಾಯಾ ರಸ್ಸೀಯಾ’, ಅಂದರೆ ಸ್ವತಂತ್ರ ರಷ್ಯಾ, ಎಂಬ ಹೆಸರು. ಅದನ್ನು ಟಾರ್ಪಿಡೊಗಳಿಂದ ಹೊಡೆದುರುಳಿಸಿದ್ದು ‘ಕೇರ್ಚ್’ ಎಂಬ ಡಿಸ್ಟ್ರಾಯರ್. ಮರುದಿನ ತುಆಪ್ಸೆಯ ಬಳಿ ತನ್ನನ್ನೂ ಮುಳುಗಿಸುವ ಮುನ್ನ ಆ ಹಡಗು ಎಲ್ಲರಿಗೂ ರೇಡಿಯೊ ಸಂದೇಶ ಕಳುಹಿಸಿತು. ನಾಚಿಕೆಗೇಡಿನ ಶರಣಾಗತಿಗಿಂತ ಅಳಿವನ್ನೇ ಆರಿಸಿಕೊಂಡ ಹಡಗುಗಳನ್ನು ನಾಶಮಾಡಿ ತಾನೂ ‘ಪಗೀಬ್’ ಎಂಬುದು ಅದರ ಸಾರ, ಸಹಿ ಹಡಗಿನ ಹೆಸರಿನದು. ‘ನಾಶವಾದೆ’ ಎಂದರೆ ಸಪ್ಪೆ, ‘ಸತ್ತೆ’ ಎಂದರೆ ಅಸಹಜ. ‘ಮಡಿದೆ’ ಎಂಬುದು ನನಗೆ ಹತ್ತಿರವೆನಿಸುತ್ತದೆ, ಆದರೆ ಕನ್ನಡದಲ್ಲಿ ಮಡಿಯುವುದು ಯೋಧರು, ವೀರಗಲ್ಲು ನೆಡುವುದೂ ಅವರಿಗೇ. ಅಚೇತನವಾದ ಹಡಗು ತನ್ನ ಬಾಯಿಂದ ‘ಮಡಿದೆ’ ಎಂದರೆ ನಿಮ್ಮ ಕಿವಿ ಒಪ್ಪುತ್ತದೆಯೇ? ಹಳಗನ್ನಡದಲ್ಲಾಗಲಿ ಹೊಸಗನ್ನಡದಲ್ಲಾಗಲಿ ಈ ಕ್ರಿಯಾಪದ ಮನುಷ್ಯರನ್ನು ಬಿಟ್ಟು ಬೇರೆಯವಕ್ಕೆ ಬಳಕೆಯಾದ ನಿದರ್ಶನ ಗೊತ್ತಿದ್ದವರು ದಯವಿಟ್ಟು ವಾಕ್ಯ ಸಮೇತ ತಿಳಿಸಬೇಕು. ಹಾಗೆಯೇ ಕಾರವಾರದಿಂದ ಉಳ್ಳಾಲದವರೆಗಿನ ದೋಣಿ ಕಟ್ಟುವವರು, ಮೀನುಗಾರರು ಬೇಕೆಂದೇ ದೋಣಿಯನ್ನು ನೆಲಕ್ಕೆ ಕೂರಿಸುವುದಕ್ಕೆ, ಕೂತದ್ದನ್ನು ಎತ್ತುವುದಕ್ಕೆ, ಹಳೆಯದನ್ನು ಬಿಚ್ಚುವುದಕ್ಕೆ ಬಳಸುವ ಮಾತುಗಳು ಬಲ್ಲವರಿದ್ದರೆ, ಊರಿನ ಹೆಸರಿನೊಡನೆ ಬರೆದು ಕಳುಹಿಸಬೇಕೆಂದು ಕೋರುತ್ತೇನೆ.